ಹನ್ನೊಂದು ದಿನ ಕಾದ ಚೀಟಿ

ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮಲ್ಲೂ ‘ಅಜೈಲ್’ ಬಂತು, ಅಂದರೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಬೇಗ ಬೇಗ ಮುಗಿಸಿಕೊಡುವ ರೀತಿ. ದಿನಾ ಬೆಳಿಗ್ಗೆ 15 ನಿಮಿಷ ನಿಂತೇ ಮೀಟಿಂಗ್, ಬೋರ್ಡ್ ತುಂಬಾ ಕೆಲಸಕ್ಕೊಂದರಂತೆ ಬಣ್ಣದ ಚೀಟಿ, ‘ಸ್ಪ್ರಿಂಟ್’ ಅನ್ನುವ ಎರಡೆರಡು ವಾರದ ಕೆಲಸದ ಕಂತು. ನಾವು ಬದಲಾಗಿದ್ದೇವೆ ಅಂತ ನಾನೂ ಮನಸಾರೆ ನಂಬಿದ್ದೆ.

ಒಂದು ದಿನ ಹಣ ಕಟ್ಟುವ ಪುಟ ಕೈಕೊಟ್ಟಿತು. ದುಡ್ಡು ಕಟ್ ಆದ ಮೇಲೂ ‘ಮತ್ತೆ ಪ್ರಯತ್ನಿಸಿ’ ಅಂತ ತೋರಿಸುತ್ತಿತ್ತು. ಜನ ಮತ್ತೆ ಒತ್ತುತ್ತಿದ್ದರು, ಎರಡು ಸಲ ದುಡ್ಡು ಹೋಗುತ್ತಿತ್ತು. ‘ನಾನು ಏನು ತಪ್ಪು ಒತ್ತಿದೆ, ಹೇಳಿ’ ಅಂತ ಫೋನಿನಲ್ಲಿ ಒಬ್ಬ ಹೆಂಗಸು ಕೇಳಿದ ದನಿ ಇನ್ನೂ ಕಿವಿಯಲ್ಲಿದೆ. ಅವರ ತಪ್ಪೇನೂ ಇರಲಿಲ್ಲ.

ಈ ತೊಂದರೆಗೆ ಕಾರಣವಾದ ಕೋಡ್‌ನ ಸಾಲು ಸರಿಮಾಡಲು ಡೆವಲಪರ್‌ಗೆ ಅರ್ಧ ಗಂಟೆ ಸಾಕಾಯಿತು. ಅದು ಲೈವ್ ಆಗಲು 11 ದಿನ ಹಿಡಿಯಿತು. ತಂಡದ ಲೀಡ್ ಒಪ್ಪಬೇಕು, ಲೀಗಲ್‌ನವರು ನೋಡಬೇಕು, ಆಮೇಲೆ ವಾರಕ್ಕೊಮ್ಮೆ ಮಾತ್ರ ಸೇರುವ ಸಮಿತಿ ಸಹಿ ಹಾಕಬೇಕು. ದಿನಾ ಮೀಟಿಂಗಿನಲ್ಲಿ ‘ಅನುಮತಿಗೆ ಕಾಯ್ತಿದ್ದೀನಿ’ ಅಂತ ಅದನ್ನೇ ಹೇಳುತ್ತಿದ್ದೆ. ಚೀಟಿಯ ಅಂಟು ಒಣಗಿ ಉದುರಿಬಿತ್ತು. ಟೇಪ್ ಹಚ್ಚಿ ಮತ್ತೆ ಅಂಟಿಸಿದೆ.

ಆಗಲೇ ನಾನು ಅಜೈಲ್ ಪ್ರಣಾಳಿಕೆಯನ್ನು ಕೂತು ಓದಿದ್ದು. 2001ರಲ್ಲಿ 17 ಜನ ಸೇರಿ ಬರೆದದ್ದು, ಒಂದು ಪುಟವೂ ಇಲ್ಲ. ಪದ್ಧತಿ, ಸಾಧನಗಳಿಗಿಂತ ಮನುಷ್ಯರು ಮತ್ತು ಅವರ ಒಡನಾಟಕ್ಕೆ ಹೆಚ್ಚು ಬೆಲೆ ಅನ್ನುವುದೇ ಅದರ ಮೊದಲ ಮಾತು. ಚೀಟಿಯ ಸುದ್ದಿಯೇ ಅದರಲ್ಲಿಲ್ಲ! ಟೊಯೋಟಾ ಕಾರ್ಖಾನೆಗಳಲ್ಲಂತೂ ಇದಕ್ಕೂ ಎಷ್ಟೋ ಮೊದಲೇ ಆಂಡನ್ ಹಗ್ಗ ಇತ್ತು. ತೊಂದರೆ ಕಂಡ ಕೆಲಸಗಾರ ಯಾರೇ ಆಗಲಿ, ಎಳೆಯಬಹುದು. ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಕೂಡಲೇ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ನಮ್ಮಲ್ಲಿ ಹಾಗೆ ಎಳೆಯುವ ಹಕ್ಕು ಯಾರಿಗಿತ್ತು?

ಇದನ್ನೇ ಮ್ಯಾನೇಜರ್ ಮೇಡಂ ಹತ್ತಿರ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಒಂದು ಗಂಟೆಯೊಳಗೆ ವಾಪಸ್ ತೆಗೆಯಬಹುದಾದ ಬದಲಾವಣೆಯಾದರೆ ತಂಡವೇ ತೀರ್ಮಾನಿಸಬಹುದು, ಆಮೇಲೆ ತಿಳಿಸಿದರೆ ಸಾಕು. ದರ ಬದಲಿಸುವುದು, ಗ್ರಾಹಕರ ಡೇಟಾ ಅಳಿಸುವಂಥದ್ದು ಮಾತ್ರ ಸಮಿತಿಗೆ ಹೋಗಬೇಕು. ಹೀಗೆ ಮಾತಾಯಿತು.

ಆದರೂ ಒಂದು ತಿಂಗಳು ಯಾರೂ ಮುಂದೆ ಬರಲಿಲ್ಲ. ‘ನಾಳೆ ಏನಾದ್ರೂ ಆದ್ರೆ ನನ್ನನ್ನೇ ಕೇಳ್ತಾರೆ ಅಲ್ವಾ?’ ಅಂದ ಡೆವಲಪರ್. ಭಯ ಸುಮ್ನೆ ಹೋಗುವುದಿಲ್ಲ. ಕೊನೆಗೆ ಅವನೇ ಒಂದು ಬದಲಾವಣೆ ಹಾಕಿದ, ಅದು ಕೆಟ್ಟಿತು. ಮರುದಿನ ಮೀಟಿಂಗಿನಲ್ಲಿ ಎಲ್ಲರೂ ಮೇಡಂ ಮುಖ ನೋಡುತ್ತಿದ್ದೆವು.

‘ಎಷ್ಟು ಹೊತ್ತಲ್ಲಿ ವಾಪಸ್ ತೆಗೆದ್ರಿ?’

‘12 ನಿಮಿಷ, ಮೇಡಂ.’

‘ಸರಿ. ಮುಂದಿನದು ಯಾರದು?’

ಅವತ್ತು ಮಧ್ಯಾಹ್ನವೇ ಇನ್ನಿಬ್ಬರು ತಮ್ಮ ಚೀಟಿ ತೆಗೆದುಕೊಂಡು ಹೋದರು.