ಸದಾಶಿವಗಡದ ಜಗಲಿಯಲ್ಲಿ ಕಹಿ ಬಿಯರು

ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದ ಗೆಳೆಯ ಕೊಟ್ಟಿದ್ದ ಎರಡು ಬಾಟಲಿ ಸಿಯೆರಾ ನೆವಾಡಾ ಪೇಲ್ ಏಲ್ ಬಿಯರು ಶಿರಸಿಯಿಂದ ನನ್ನ ಕಾರಿನ ಡಿಕ್ಕಿಯಲ್ಲಿ ಹೊರಟವು. ದೇವಿಮನೆ ಘಟ್ಟ ಇಳಿಯುವವರೆಗೂ ತಂಪಿತ್ತು. ಕುಮಟಾದಾಚೆ ಏಪ್ರಿಲ್ ಬಿಸಿಲು. ಅಂಕೋಲೆಯಲ್ಲಿ ಊಟಕ್ಕೆಂದು ನಿಂತವನು ಎರಡು ತಾಸು ಬಾಟಲಿಗಳನ್ನೇ ಮರೆತೆ. ಶಾಖ ಈ ಬಿಯರಿನ ಪರಿಮಳವನ್ನು ಕೊಲ್ಲುತ್ತದೆಂದು ಗೊತ್ತಿದ್ದೂ ಮಾಡಿದ ತಪ್ಪು.

ಕಾಳಿ ಸೇತುವೆ ದಾಟಿ ಸದಾಶಿವಗಡದ ಅಕ್ಕನ ಮನೆ ಸೇರಿದಾಗ ಸಂಜೆ. ಭಾವ ಬಾಟಲಿಗಳನ್ನು ಫ್ರೀಜರಿಗೆ ತುರುಕಲು ಹೊರಟರು. ತಡೆದೆ, ತೀರಾ ತಣ್ಣಗಾದರೆ ವಾಸನೆಯೇ ಏಳುವುದಿಲ್ಲ.

ಜಗಲಿಯಲ್ಲಿ ಕೂತು ಗಾಜಿನ ಲೋಟಕ್ಕೆ ಬಗ್ಗಿಸಿದೆ. ಜೇನಿನ ಬಣ್ಣ, ದಪ್ಪ ನೊರೆ. ಮೂಗಿಗೆ ಚಕ್ಕೋತದ ಸಿಪ್ಪೆ ಸುಲಿದಂತಾಯಿತು, ಆದರೆ ನಿನ್ನೆ ಸುಲಿದಿಟ್ಟ ಸಿಪ್ಪೆ. ಅಂಕೋಲೆ ತನ್ನ ಸುಂಕ ವಸೂಲಿ ಮಾಡಿತ್ತು. ಈ ವಾಸನೆ ಬಿಯರಿಗೆ ಹಾಕುವ ಕ್ಯಾಸ್ಕೇಡ್ ಎಂಬ ಹಾಪ್ಸ್ ಹೂವಿನದು. ಅಮೆರಿಕದ ಒರೆಗಾನ್‌ನಲ್ಲಿ ಬೆಳೆಸಿದ ಈ ತಳಿ 1972ರಲ್ಲಿ ರೈತರ ಕೈ ಸೇರಿತು. 1980ರಲ್ಲಿ ಹುಟ್ಟಿದ, ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣದ ಈ ಬಿಯರು ಅದನ್ನು ಮನೆಮಾತಾಗಿಸಿತು. ಹೂವನ್ನು ಕುದಿಯ ಆರಂಭದಲ್ಲಿ ಹಾಕಿದರೆ ಕಹಿ ಇಳಿಯುತ್ತದೆ, ಕೊನೆಗೆ ಹಾಕಿದರೆ ಪರಿಮಳ ಉಳಿಯುತ್ತದೆ.

ಒಳಗೆ ಅಕ್ಕ ಬಂಗುಡೆ ಸಾರಿಗೆ ತಿರಫಳವೆಂಬ ಮಸಾಲೆ ಕಾಯಿ ಜಜ್ಜಿ ಹಾಕುತ್ತಿದ್ದಳು, ಅದೂ ಒಲೆ ಆರಿಸುವ ಹೊತ್ತಿಗೆ. ಲೋಟ ಮೂಸಿದ ಭಾವ, "ಇದರಲ್ಲೂ ತಿರಫಳ ಹಾಕಿದ್ದಾರೇನೋ?" ಎಂದರು. ನಗಲು ಹೋದವನು ಒಂದು ಕಾಯಿ ತಂದು ಉಗುರಿನಿಂದ ಚಿವುಟಿ ಪಕ್ಕದಲ್ಲಿಟ್ಟು ಮೂಸಿದೆ. ಭಾವ ಹೇಳಿದ್ದು ಸುಳ್ಳಲ್ಲ. ತಿರಫಳವೂ ಚಕ್ಕೋತವೂ ನಿಂಬೆಯ ಕುಟುಂಬದವು. ಹಾಪ್ಸ್ ಮಾತ್ರ ಗಾಂಜಾದ ದಾಯಾದಿ. ಇದನ್ನು ಗೋಕರ್ಣದ ಕಡೆ ಹೇಳದಿರುವುದು ಕ್ಷೇಮ.

ಮೊದಲ ಗುಟುಕಿಗೆ ಸುಟ್ಟ ಬ್ರೆಡ್ಡಿನಂಥ ಸಣ್ಣ ಸಿಹಿ, ಹಿಂದೆಯೇ ನಾಲಿಗೆಯ ಬುಡದಲ್ಲಿ ಕಹಿ. ಮದ್ಯಾಂಶ ಶೇ. 5.6, ನಮ್ಮ ಸ್ಟ್ರಾಂಗ್ ಬಿಯರುಗಳಿಗಿಂತ ಕಡಿಮೆ. ಕಹಿ ಮಾತ್ರ ಬಹಳ ಹೆಚ್ಚು. ಹಾಗಲಕಾಯಿ ತಿನ್ನದವರು ಇದರ ತಂಟೆಗೆ ಹೋಗಬೇಡಿ. ಪರಿಮಳ ಅರ್ಧ ಸತ್ತಿದ್ದರೂ ಕಹಿ ಅಲ್ಲಾಡಿರಲಿಲ್ಲ, ಅದು ನನಗೆ ಹಿಡಿಸಿತು. ಸಾರಿನ ಜೊತೆ ಕುಡಿದದ್ದೇ ಎಡವಟ್ಟು: ಖಾರಕ್ಕೆ ಕಹಿ ಸೇರಿ ಗಂಟಲು ಉರಿಯಿತು. ರವೆ ಹಚ್ಚಿ ಕಾಯಿಸಿದ ಬಂಗುಡೆಯೊಡನೆ ಮಾತ್ರ ಜೋಡಿ ಕೂಡಿತು. ಎಣ್ಣೆಯ ಜಿಡ್ಡನ್ನು ಆ ಕಹಿ ತೊಳೆದುಕೊಂಡು ಹೋಗುತ್ತಿತ್ತು.

ಭಾವ ಅರ್ಧ ಲೋಟಕ್ಕೇ ಸಾಕೆಂದರು. ಬೆಳಿಗ್ಗೆ ನೋಡಿದರೆ ಎರಡನೆಯ ಬಾಟಲಿ ಫ್ರಿಜ್ಜಿನಲ್ಲಿ ಕೋಕಂ ಶರಬತ್ತಿನ ಹಿಂದೆ ಅಡಗಿ ಕೂತಿತ್ತು.