ಬರೀ ಫಾಸ್ಟಿಂಗ್ ಶುಗರ್ ನೋಡಿದ್ದರೆ ಗೊತ್ತಾಗುತ್ತಿರಲಿಲ್ಲ

ಹೋದ ಶನಿವಾರ ಬೆಳಿಗ್ಗೆ ಏಳಕ್ಕೇ ಮೈಸೂರಿನ ಸರಸ್ವತಿಪುರಂನ ಲ್ಯಾಬ್ ಮುಂದೆ ನಿಂತಿದ್ದೆ. ಹಿಂದಿನ ರಾತ್ರಿ ಎಂಟೂವರೆಗೆ ಊಟ ಮುಗಿಸಿದ್ದು, ಆಮೇಲೆ ನೀರು ಬಿಟ್ಟು ಬೇರೇನೂ ಇಲ್ಲ, ಕಾಫಿಯೂ ಇಲ್ಲ.

ಈ ವರ್ಷಕ್ಕೊಂದು ಚೆಕಪ್ ಅನ್ನೋದು ನನಗೆ ಅಂಟಿಕೊಂಡಿದ್ದು ಅಪ್ಪನಿಂದ. ಅವರಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಕಾಲ್ಬೆರಳಿನ ಗಾಯ ಒಂದೂವರೆ ತಿಂಗಳಾದರೂ ಮಾಯದೇ ಇದ್ದಾಗ. ಅದಕ್ಕೂ ಮೊದಲು ಎಷ್ಟು ವರ್ಷದಿಂದ ಇತ್ತೋ, ಯಾರೂ ನೋಡಿರಲಿಲ್ಲ. "ನಂಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ" ಅನ್ನುತ್ತಿದ್ದರು. ಆ ಬೆರಳು ಉಳಿಯಲಿಲ್ಲ. ನನಗೀಗ 41.

ಕೌಂಟರಿನಲ್ಲಿ ಎಂಬತ್ತು ಟೆಸ್ಟಿನ ದೊಡ್ಡ ಪ್ಯಾಕೇಜ್ ತಗೊಳ್ಳಿ ಅಂದರು. ಬೇಡ ಅಂದೆ. ನಮ್ಮ ಡಾಕ್ಟರ್ ಬರೆದುಕೊಟ್ಟ ಚೀಟಿಯಲ್ಲಿ ಇದ್ದಷ್ಟೇ ಸಾಕು. ಟೆಸ್ಟ್ ಜಾಸ್ತಿ ಮಾಡಿಸಿದಷ್ಟೂ ಒಳ್ಳೆಯದು ಅಂತ ನಾನು ನಂಬುವುದಿಲ್ಲ.

ರಕ್ತ ತೆಗೆದ ಹುಡುಗಿ ಬೂದು ಮುಚ್ಚಳದ ಟ್ಯೂಬ್ ಒಂದು, ನೇರಳೆ ಮುಚ್ಚಳದ್ದು ಒಂದು, ಹೀಗೆ ಸಾಲಾಗಿ ಇಟ್ಟುಕೊಂಡಿದ್ದಳು. ಯಾಕೆ ಬೇರೆ ಬೇರೆ ಅಂತ ಕೇಳಿದೆ. ರಕ್ತ ಹೊರಗೆ ಬಂದ ಮೇಲೂ ಅದರಲ್ಲಿನ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಹಾಗಾಗಿ ಲೆಕ್ಕ ಕಮ್ಮಿ ಬರಬಾರದು ಅಂತ ಬೂದು ಟ್ಯೂಬಿನಲ್ಲಿ ಅದನ್ನು ತಡೆಯೋ ಪುಡಿ ಇರುತ್ತದೆ ಅಂದಳು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಆಮೇಲೆ ಇಡ್ಲಿ ತಿಂದು, ಮೊದಲ ತುತ್ತು ತಿಂದ ಹೊತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ, ಇನ್ನೊಂದು ಸಲ ರಕ್ತ ಕೊಟ್ಟೆ.

ಸಂಜೆ ಡಾಕ್ಟರ್ ಹತ್ತಿರ ಹೋದಾಗ ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಬಿಪಿ ನೋಡಿದರು, 146/92. ನನಗೆ ಎದೆ ಧಸಕ್ಕಂತು. ಅವರು ಏನೂ ಹೇಳದೆ ಕುರ್ಚಿಗೆ ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಮಾತಾಡದೆ ಐದು ನಿಮಿಷ ಕೂರಿಸಿದರು. ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ ಮತ್ತೆ ನೋಡಿದರು, 126/80. ಮೊದಲಿನದನ್ನೇ ಬರೆದುಕೊಂಡಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

ಆಮೇಲೆ ರಿಪೋರ್ಟು. ಫಾಸ್ಟಿಂಗ್, ಅಂದರೆ ಖಾಲಿ ಹೊಟ್ಟೆಯ ಶುಗರ್, 98. ನೂರರ ಒಳಗಿದೆ, ಸರಿ ಇದೆ ಅಂತ ನಾನು ಬ್ಯಾಗ್ ಕೈಗೆತ್ತಿಕೊಂಡಿದ್ದೆ. ಅವರು "ಇರಿ, ಹಳೇದು ತಂದಿದ್ದೀರಲ್ವಾ?" ಅಂತ ಫೈಲ್ ಕೇಳಿ ಮೂರು ವರ್ಷದ ಹಾಳೆಗಳನ್ನು ಪಕ್ಕಪಕ್ಕ ಹರಡಿದರು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 5.5 ಇದ್ದಿದ್ದು ಹೋದ ವರ್ಷ 5.7 ಆಗಿತ್ತು, ಈಗ 5.9. ತಿಂಡಿಯಾದ ಮೇಲಿನ ಶುಗರ್ 152. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಶುಗರಿನ ಹೊಸ್ತಿಲು, 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಶುಗರೇ. ಹೋದ ವರ್ಷವೇ ನಾನು ಹೊಸ್ತಿಲಿಗೆ ಬಂದಿದ್ದೆ, ರಿಪೋರ್ಟನ್ನು ಫೋನಿನಲ್ಲೇ ನೋಡಿ ಸುಮ್ನೆ ಮುಚ್ಚಿಟ್ಟಿದ್ದೆ.

"ಈಗಲೇ ಮಾತ್ರೆ ಬೇಡ. ಹೊಟ್ಟೆ ಸುತ್ತಳತೆ 96 ಸೆಂಟಿಮೀಟರ್ ಇದೆ, ಗಂಡಸರಿಗೆ 90ರ ಒಳಗಿರಬೇಕು. ರಾತ್ರಿ ಅನ್ನ ಕಮ್ಮಿ ಮಾಡಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು.

ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಆಚೆಯ ಒಂದು ಶನಿವಾರಕ್ಕೆ ಗುರುತು ಹಾಕುತ್ತಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ರಿಪೋರ್ಟ್ ಪೂರ್ತಿ ಓದಿದರು. ಆಮೇಲೆ "ನಂದೂ ಅವತ್ತೇ ಮಾಡಿಸೋಣ, ನನ್ನ ಹೆಸರೂ ಅಲ್ಲೇ ಬರಿ" ಅಂದರು.