ಬಾದಾಮಿಯ ಬಂಡೆ ಬೇರೆ, ಕಿಲಿಮಂಜಾರೊ ಬೇರೆ

ಬಾದಾಮಿಯ ಮರಳುಗಲ್ಲು ಹತ್ತಿ ಪಳಗಿದವರು ‘ಕಿಲಿಮಂಜಾರೊ ಏನ್ ಮಹಾ, ಬರೀ ನಡಿಗಿ’ ಅಂತಾರೆ. ನಡಿಗೆಯೇ ಹೌದು, ಮಾಮೂಲಿ ದಾರಿಗೆ ಹಗ್ಗ ಬೇಕಿಲ್ಲ. ಆದರೆ ಆಫ್ರಿಕಾದ ಈ ಬೆಟ್ಟದ 5,895 ಮೀಟರಿನ ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ನಮ್ಮ ಬಾಗಲಕೋಟೆ, ವಿಜಯಪುರಗಳು 600 ಮೀಟರ್ ಆಸುಪಾಸಿನ ಊರುಗಳು. ಇಲ್ಲಿ ಎಷ್ಟು ಓಡಿದರೂ ಕಾಲು ಗಟ್ಟಿಯಾದೀತು, ಮೈ ಎತ್ತರಕ್ಕೆ ಒಗ್ಗುವುದಿಲ್ಲ.

ಹಾಗಾಗಿ ಪ್ಯಾಕೇಜ್ ಆರಿಸುವಾಗ ದರಕ್ಕಿಂತ ಮೊದಲು ದಿನ ಎಣಿಸಿ. ಐದು ದಿನದ್ದು ಅಗ್ಗ, ತುದಿ ಮುಟ್ಟದೆ ಅರ್ಧ ದಾರಿಯಲ್ಲೇ ವಾಪಸಾಗುವ ಸಾಧ್ಯತೆಯೂ ಹೆಚ್ಚು. ಮಚಾಮೆ ದಾರಿಯಲ್ಲಿ ಏಳು ದಿನ ಕೇಳಿ. ಅಲ್ಲಿ ಹಗಲು 4,600 ಮೀಟರಿನ ಲಾವಾ ಟವರ್‌ವರೆಗೆ ಹತ್ತಿಸಿ, ಮಲಗಲು ಸುಮಾರು 3,900ರ ಬರಾಂಕೊ ಶಿಬಿರಕ್ಕೆ ಇಳಿಸುತ್ತಾರೆ. ‘ಹತ್ತಿದ್ದು ಯಾಕೆ ಇಳೀಬೇಕು’ ಎಂದು ಗೊಣಗಬೇಡಿ. ಮೈ ಒಗ್ಗುವುದೇ ಇದರಿಂದ. ತಲೆನೋವು, ವಾಕರಿಕೆ ಬಂದರೆ ಗೈಡ್‌ಗೆ ಮುಚ್ಚಿಡಬೇಡಿ. ನಡಿಗೆ ತೂರಾಡತೊಡಗಿದರೆ ಮಾತ್ರೆ ನುಂಗಿ ಕಾಯುವುದಲ್ಲ, ರಾತ್ರಿಯಾದರೂ ಇಳಿಯಬೇಕು. ಎತ್ತರದ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಶುರುಮಾಡಿ. ಸಲ್ಫಾ ಔಷಧದ ಅಲರ್ಜಿ ಇದ್ದರೆ ಮೊದಲೇ ಹೇಳಿ.

ತುದಿಗೆ ಹೊರಡುವುದು ನಡುರಾತ್ರಿ. ನೀರಿನ ಚೀಲದ ನಳಿಕೆಯೇ ಮೊದಲು ಹೆಪ್ಪುಗಟ್ಟುತ್ತದೆ. ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ ತಲೆಕೆಳಗಾಗಿ ಇಡಿ: ಮಂಜುಗಡ್ಡೆ ಮೇಲಾದ ತಳದ ಕಡೆ ಕಟ್ಟುತ್ತದೆ, ಬಾಯಿ ಕಟ್ಟುವುದಿಲ್ಲ. ಅಮೀನಗಡದ ಕರದಂಟು ಒಯ್ಯುವುದಾದರೆ ಊರಲ್ಲೇ ಸಣ್ಣ ತುಂಡು ಮಾಡಿ ಒಳಜೇಬಿನಲ್ಲಿಡಿ, ಚಳಿಗೆ ಅದು ಕಲ್ಲಾಗುತ್ತದೆ.

ಮೊಣಕಾಲು ಕೈಕೊಡುವುದು ಇಳಿಯುವಾಗ. ಬೆಳಗಾವಿಯವರು ಯಳ್ಳೂರು ಗಡಕ್ಕೆ ಎಂಟು ಕಿಲೋ ಹೊತ್ತು ಹತ್ತಿದರೆ ಸಾಲದು, ಅದೇ ಭಾರದಲ್ಲಿ ಇಳಿಯುವುದನ್ನೂ ರೂಢಿ ಮಾಡಿಕೊಳ್ಳಿ.